ಮೂರನೇ ಮೆಟ್ಟಿಲಿನ ನಟ

ಅಮೆರಿಕದ ಫೇರ್‌ಫ್ಯಾಕ್ಸ್‌ನಲ್ಲಿ ನಮ್ಮ ಬೀದಿಯ ಮೂಲೆ ಮನೆಯಲ್ಲಿ ಒಬ್ಬ ಮುದುಕರಿದ್ದರು. ಹಿಂದೆ ಸೈನ್ಯದಲ್ಲಿದ್ದು ಕೆಲವು ವರ್ಷ ಜಪಾನಿನಲ್ಲಿ ಕಳೆದವರು ಎನ್ನುವುದಷ್ಟೇ ನಮಗೆ ಗೊತ್ತಿತ್ತು. ಕೊರೋನಾ ಬಂದ ವರ್ಷದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮಕ್ಕಳು ಎಲ್ಲಿಂದಲೋ ಬಂದು ಮನೆ ಖಾಲಿ ಮಾಡಿದರು. ಬೇಡದ ಸಾಮಾನನ್ನೆಲ್ಲ ಡ್ರೈವ್‌ವೇ ಮೇಲೆ ಜೋಡಿಸಿ, ಯಾರು ಬೇಕಾದರೂ ಒಯ್ಯಬಹುದು ಎಂದು ರಟ್ಟಿನ ಮೇಲೆ ಬರೆದಿಟ್ಟು ಹೋದರು. ಅಂಗಡಿಯಿಂದ ತಂದ ಹಾಲಿನ ಕ್ಯಾನನ್ನೂ ಒರೆಸಿ ಒಳಗಿಡುತ್ತಿದ್ದ ಕಾಲ ಅದು. ಸತ್ತವರ ಮನೆಯ ಸಾಮಾನನ್ನು ಯಾರು ಮುಟ್ಟುತ್ತಾರೆ? ನಾನು ಮುಟ್ಟಿದೆ. ಪುಕ್ಕಟೆ ಸಿಕ್ಕಿದ್ದನ್ನು ಬಿಟ್ಟು ಬರುವ ಜಾಯಮಾನ ನನ್ನದಲ್ಲ.

ಒಂದು ಪೆಟ್ಟಿಗೆಯಲ್ಲಿ ಕಟ್ಟು ಹಾಕಿಸಿದ ಜಪಾನಿ ಚಿತ್ರಗಳಿದ್ದವು. ಮರದ ಹಲಗೆಯಲ್ಲಿ ಕೆತ್ತಿ, ಬಣ್ಣ ಬಳಿದು, ಕಾಗದದ ಮೇಲೆ ಒತ್ತಿ ತೆಗೆದ ಹಳೆಯ ಕಾಲದ ಅಚ್ಚುಗಳು. ಮೇಲಿದ್ದ ಚಿತ್ರ ನೋಡಿ ನಾನು ಅಲ್ಲೇ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳು, ಮೇಲಿನ ಮೆಟ್ಟಿಲಲ್ಲಿ ರಾಜ ರಾಣಿ, ಕೆಳಗೆ ವಾದ್ಯದವರು, ಅದರ ಕೆಳಗೆ ಪುಟ್ಟ ಪುಟ್ಟ ಪಾತ್ರೆ ಪಡಗ, ಎದುರಿಗೆ ರೇಷ್ಮೆ ಉಟ್ಟ ಹುಡುಗಿಯರು. ನವರಾತ್ರಿಗೆ ಗೊಂಬೆ ಕೂರಿಸಿದ ಮೈಸೂರಿನ ನಮ್ಮ ಮನೆಯ ನಡುಮನೆಯನ್ನು ಯಾರೋ ನೋಡಿಕೊಂಡು ಹೋಗಿ ಬರೆದ ಹಾಗಿತ್ತು. ಮಿಕ್ಕವೂ ಹಬ್ಬ ಹರಿದಿನಗಳ ಚಿತ್ರಗಳೇ: ಹೂಬಿಟ್ಟ ಮರದಡಿ ಊಟ, ಬಿದಿರಿಗೆ ಬಣ್ಣದ ಚೀಟಿ ಕಟ್ಟುವ ಹೆಂಗಸರು, ಹುಣ್ಣಿಮೆ ನೋಡುತ್ತ ಕೂತವರು. ಎಲ್ಲಕ್ಕಿಂತ ಕೆಳಗೆ ಒಬ್ಬ ನಟ. ತಿಳಿನೀಲಿ ನಿಲುವಂಗಿ, ಹಣೆಯ ಮೇಲೆ ಚಿಕ್ಕ ನೇರಳೆ ಬಟ್ಟೆ, ತೋಳೊಳಗೆ ಅರ್ಧ ಮರೆಯಾದ ಕೈ. ಯಾವ ಹಬ್ಬವೂ ಇಲ್ಲದೆ ಒಂಟಿಯಾಗಿ ನಿಂತಿದ್ದ.

"ಗರಾಜ್‌ನಲ್ಲೇ ಇಡು. ಮೂರು ದಿನ ಮುಟ್ಬೇಡ" ಅಂದ ನನ್ನ ಗಂಡ. ಮೂರು ದಿನವಲ್ಲ, ನವರಾತ್ರಿಯವರೆಗೆ ಅವು ಅಲ್ಲೇ ಇದ್ದವು.

ಆ ವರ್ಷ ಅಪ್ಪ ನಮ್ಮ ಜೊತೆಗಿದ್ದರು. ಅಮ್ಮ ಹೋಗಿ ಬಹಳ ವರ್ಷವಾಗಿತ್ತು. ಫೆಬ್ರವರಿಯಲ್ಲಿ ಮೊಮ್ಮಗಳನ್ನು ನೋಡಿಕೊಂಡು ಹೋಗುತ್ತೇನೆಂದು ಮೈಸೂರಿನಿಂದ ಬಂದವರು, ವಿಮಾನ ನಿಂತು ಇಲ್ಲೇ ಸಿಕ್ಕಿಹಾಕಿಕೊಂಡರು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಂದು ತೋರಿಸಿದಾಗ ಹೃದಯದ ಒಂದು ಕವಾಟ ಕೆಟ್ಟಿದೆ ಅಂದರು. ತೊಡೆಯ ರಕ್ತನಾಳದ ಮೂಲಕ ಹೊಸದನ್ನು ಕೂರಿಸಬೇಕು, ಮಾಡಿಸದಿದ್ದರೆ ಹೆಚ್ಚು ದಿನ ಇಲ್ಲ ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದರು. ಅಪ್ಪ ಜಪ್ಪಯ್ಯ ಅನ್ನಲಿಲ್ಲ. "ಊರಿಗೆ ಹೋದ್ಮೇಲೆ ನೋಡೋಣ" ಅನ್ನುವುದೊಂದೇ ಮಾತು. ಆ ಎದೆ ಇಟ್ಟುಕೊಂಡು ವಿಮಾನ ಹತ್ತುವ ಹಾಗಿರಲಿಲ್ಲ. ನಾನು ಕೂಗಾಡಿದೆ, ಅತ್ತುಬಿಟ್ಟೆ, ಅವರ ತಟ್ಟೆಗೆ ಬಡಿಸುವುದಿಲ್ಲ ಎಂದು ಸೌಟು ಎತ್ತಿಟ್ಟೆ. ಅವರು ತಾವೇ ಎದ್ದು ಬಡಿಸಿಕೊಂಡರು.

ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ಅಪ್ಪನ ಗೆಳೆಯ ಕೊರೋನಾದಿಂದ ತೀರಿಕೊಂಡರು. ನಾನು ಮಾಮ ಎಂದು ಕರೆಯುತ್ತಿದ್ದವರು. ಇಬ್ಬರೂ ಒಂದೇ ಕಾರ್ಖಾನೆಯಲ್ಲಿ ಕೆಲಸ ಮಾಡಿ, ಅಲ್ಲಿನ ನೌಕರರ ನಾಟಕದ ತಂಡದಲ್ಲಿ ಹರೆಯದಲ್ಲಿ ಬಣ್ಣ ಹಚ್ಚಿದವರು. ಅಪ್ಪ ರಾಜಪಾರ್ಟು. ಹೆಂಗಸರು ಪಾರ್ಟು ಮಾಡಲು ಬರುತ್ತಿರಲಿಲ್ಲವಾದ್ದರಿಂದ ಮಾಮನಿಗೆ ಸ್ತ್ರೀಪಾರ್ಟು. ನಾನು ಹುಟ್ಟುವ ಹೊತ್ತಿಗೆ ಅದೆಲ್ಲ ಮುಗಿದಿತ್ತು. ನನಗೆ ಗೊತ್ತಿದ್ದ ಮಾಮ ಹೊಟ್ಟೆ ಬಂದ, ಮೀಸೆಯ, ನಶ್ಯ ಏರಿಸುವ ಮನುಷ್ಯ. ಅವರ ದೇಹವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ವ್ಯಾನಿಗೆ ಹಾಕುವುದನ್ನು ಯಾರೋ ದೂರದಿಂದ ವಿಡಿಯೋ ತೆಗೆದು ಫೋನಿಗೆ ಕಳಿಸಿದ್ದರು. ಅಪ್ಪ ಅದನ್ನು ನೋಡಿ, ಫೋನನ್ನು ಮೇಜಿನ ಮೇಲೆ ಬೋರಲಾಗಿಟ್ಟು ಮೊಸರನ್ನ ಕಲಸಿಕೊಂಡು ತಿಂದರು. ಅಳಲಿಲ್ಲ. ಗಟ್ಟಿ ಮನುಷ್ಯ ಅಂದುಕೊಂಡೆ.

ನವರಾತ್ರಿ ಆ ಸಲ ಅಕ್ಟೋಬರ್ ಅರ್ಧ ಕಳೆದ ಮೇಲೆ ಬಂತು. ಅಷ್ಟರಲ್ಲಿ ನಮ್ಮ ಬೀದಿಯ ಹುಲ್ಲುಹಾಸುಗಳ ಮೇಲೆ ಹ್ಯಾಲೋವೀನಿನ ಅಸ್ಥಿಪಂಜರಗಳು ಎದ್ದು ನಿಂತಿದ್ದವು. ಎದುರುಮನೆಯವರದಂತೂ ಮಹಡಿಯ ಕಿಟಕಿಯವರೆಗೆ ಎತ್ತರ. ನೆಲದಿಂದ ಕೈ ಚಾಚಿದ ಪ್ಲಾಸ್ಟಿಕ್ ಮೂಳೆಗಳನ್ನು ದಾಟಿಕೊಂಡು ಹೋಗಿ ನಾನು ಮೇಪಲ್ ಎಲೆ ಆರಿಸಿ ತಂದು, ಮಾವಿನೆಲೆಯ ಬದಲು ಅದರದೇ ತೋರಣವನ್ನು ನಮ್ಮ ಬಾಗಿಲಿಗೆ ಕಟ್ಟಿದೆ. ಮೆಟ್ಟಿಲುಗಳ ಲೆಕ್ಕ ಬೆಸವಾಗಿರಬೇಕೆಂದು ಐದು ಕಟ್ಟಿದೆವು. ಊರಿಗೆ ಹೋಗದೆ ಗೊಂಬೆ ತಂದಿರಲಿಲ್ಲ, ಇದ್ದದ್ದು ಮೂರು ಮೆಟ್ಟಿಲಿಗೂ ಸಾಲದು. ಗರಾಜಿನ ಚಿತ್ರಗಳು ನೆನಪಾದವು. ಮೇಲೆ ಪಟ್ಟದ ಗೊಂಬೆಗಳು, ಕೆಳಗೆ ಎರಡು ಮೆಟ್ಟಿಲಲ್ಲಿ ನಮ್ಮ ಶೆಟ್ಟಿ ಶೆಟ್ಟಿತಿ, ಆನೆ, ಒಂಟೆ, ಜಪಾನಿನ ಹಬ್ಬದ ಚಿತ್ರಗಳು. ಮಧ್ಯದ ಮೆಟ್ಟಿಲಿನ ನಡುವಿಗೆ ಎತ್ತರದ ಚೌಕಟ್ಟೊಂದು ಬೇಕಿತ್ತು. ಆ ನಟನನ್ನು ನಿಲ್ಲಿಸಿದೆ. ಎಲ್ಲಕ್ಕೂ ಹಚ್ಚುವ ಹಾಗೆ ಅವನ ಗಾಜಿನ ಮೇಲೂ ಅರಿಶಿನ ಕುಂಕುಮ ಹಚ್ಚಿ, ಬಾಗಿಲ ಮುಂದಿನ ಕುಂಡದಿಂದ ಒಂದು ಸೇವಂತಿಗೆ ಸಿಕ್ಕಿಸಿ, ಆರತಿ ಎತ್ತಿದೆ. ಬಹಳ ಚೆನ್ನಾಗಿ ಕಂಡಿತು. ಫೋಟೋ ತೆಗೆದು ಹತ್ತು ಜನಕ್ಕೆ ಕಳಿಸಿದೆ.

ಮಾರನೆಯ ದಿನ ಅಪ್ಪ ತಮ್ಮ ಕುರ್ಚಿಯನ್ನು ಟಿವಿಯ ಕಡೆಯಿಂದ ಎಳೆದು ಗೊಂಬೆಗಳ ಎದುರು ಹಾಕಿಕೊಂಡರು.

"ಇವನು ಸ್ತ್ರೀಪಾರ್ಟಿನೋನು" ಅಂದರು.

"ಎಲ್ಲಪ್ಪ, ಗಂಡಸಿನ ಬಟ್ಟೆ ಹಾಕಿದಾನಲ್ಲ."

"ಬಟ್ಟೆ ನೋಡ್ಬೇಡ. ಕುತ್ತಿಗೆ ನೋಡು. ಕೈಯನ್ನ ತೋಳೊಳಗೆ ಎಳ್ಕೊಂಡಿರೋದು ನೋಡು. ಕೈ ದಪ್ಪ ಇರೋ ಗಂಡಸರು ಹೆಣ್ಣಾಗ್ಬೇಕಾದ್ರೆ ಹಂಗೇ ಮುಚ್ಕೊಳೋದು." ಮುಂದಕ್ಕೆ ಬಗ್ಗಿ, "ಬಣ್ಣ ಒರೆಸ್ಕೊಂಡಿದಾನೆ. ನಾಟಕ ಮುಗಿದಿದೆ" ಅಂದರು.

ಆಮೇಲೆ ದಿನವೂ ಅದೇ. ಬೆಳಿಗ್ಗೆ ನಾನು ಮೇಲೆ ಕೋಣೆಯಲ್ಲಿ ಆಫೀಸಿನ ಮೀಟಿಂಗಿಗೆ ಕೂರುವಾಗ ಅಪ್ಪ ಕೆಳಗೆ ಅವನ ಮುಂದೆ ಕೂರುತ್ತಿದ್ದರು. ಪಕ್ಕದ ಮೇಜಿನಲ್ಲಿ ಮಗಳ ಆನ್‌ಲೈನ್ ಕ್ಲಾಸು. ಮೂರನೆಯದೋ ನಾಲ್ಕನೆಯದೋ ದಿನ ಅವಳು ಮೇಲೆ ಬಂದು ಬಾಗಿಲಲ್ಲಿ ನಿಂತಳು.

"ಅಮ್ಮಾ, ತಾತ ಆ ಪಿಕ್ಚರ್ ಜೊತೆ ಮಾತಾಡ್ತಾರೆ. ಇಟ್ಸ್ ವಿಯರ್ಡ್."

"ಏನಂತಾರೆ?"

"ಏಳೋ, ಮುಗೀತು ಅಂತಾರೆ. ಎವ್ರಿ ಮಾರ್ನಿಂಗ್. ಆಮೇಲೆ ವೇಟ್ ಮಾಡ್ತಾರೆ." ಬಾಗಿಲಿಗೆ ಒರಗಿ, "ಲೈಕ್, ಅವನು ನಿಜವಾಗ್ಲೂ ಏಳ್ತಾನೆ ಅನ್ನೋ ತರ" ಅಂದಳು.

ನಾನು ನಕ್ಕು ಕಳಿಸಿದೆ. ನಿಂತಿರುವವನನ್ನು ಏಳು ಅನ್ನುವುದೇನು, ಮುದುಕರಿಗೆ ಮನೆಯೊಳಗೇ ಕೂತು ಅರಳುಮರಳಾಗಿದೆ ಅಂದುಕೊಂಡೆ.

ಆಸ್ಪತ್ರೆಯವರು ಆಪರೇಷನ್ನಿಗೆ ಒಂದು ದಿನ ಹಿಡಿದಿಟ್ಟಿದ್ದರು. ಅದು ವಿಜಯದಶಮಿಯ ದಿನವೇ ಬಿದ್ದಿತ್ತು. ಶುಕ್ರವಾರದೊಳಗೆ ಹೂಂ ಅನ್ನದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಅಂದಿದ್ದರು. ಶುಕ್ರವಾರ ಬೆಳಿಗ್ಗೆ ನಾನು ಕೊನೆಯ ಸಲ ಜಗಳ ಆಡಲು ಸಿದ್ಧಳಾಗಿ ಇಳಿದು ಬಂದರೆ ಅಪ್ಪ ಕೈಯಲ್ಲಿ ಸೇವಂತಿಗೆ ಹಿಡಿದು ಕೂತಿದ್ದರು.

"ಬಲಗಡೆಯಿಂದ ಬಿತ್ತು" ಅಂದರು. "ಡಾಕ್ಟರಿಗೆ ಫೋನ್ ಮಾಡು. ಮಾಡಿಸ್ಕೋತೀನಿ."

ನನಗೆ ಖುಷಿಯಲ್ಲಿ ಕಣ್ಣಲ್ಲಿ ನೀರು ಬಂತು. ದೇವರ ಮೇಲಿನ ಹೂವು ಬಲಕ್ಕೆ ಬಿದ್ದರೆ ಪ್ರಸಾದವಾಯಿತು ಎಂದು ನಂಬಿ ಬೆಳೆದವರು ನಾವು. ಯಾರ ತಲೆಯಿಂದ ಬಿತ್ತು ಎಂದು ನೋಡಿದೆ. ಪಟ್ಟದ ಗೊಂಬೆಗಳ ಹೂವು ಇಟ್ಟಲ್ಲೇ ಇತ್ತು. ನಟನ ಚೌಕಟ್ಟಿನ ಮೇಲೆ ಹೂವಿರಲಿಲ್ಲ. ಯಾರದಾದರೇನು, ಒಪ್ಪಿದರಲ್ಲ ಎಂದು ಫೋನಿಗೆ ಓಡಿದೆ.

ಆ ವರ್ಷ ಅರಿಶಿನ ಕುಂಕುಮಕ್ಕೆ ಯಾರನ್ನೂ ಒಳಗೆ ಕರೆಯುವ ಹಾಗಿರಲಿಲ್ಲ. ಗೊಂಬೆಗಳನ್ನು ಮನೆಯ ಹಿಂದಿನ ಮರದ ಡೆಕ್ಕಿನ ಗಾಜಿನ ಬಾಗಿಲಿಗೆ ಎದುರಾಗಿ ಕೂರಿಸಿದ್ದೆ. ಬಂದವರು ಮಾಸ್ಕ್ ಹಾಕಿಕೊಂಡು ಡೆಕ್ಕಿನ ಮೇಲೆ ನಿಂತು ಗಾಜಿನ ಆಚೆಯಿಂದ ನೋಡಬೇಕು. ತಾಂಬೂಲದ ಚೀಲ ಕಟಕಟೆಯ ಮೇಲಿರುತ್ತಿತ್ತು. ಒಳಗೆ ಕೂತ ನಮಗೆ, ಬಾಯಿ ಮೂಗು ಇಲ್ಲದ ಮುಖಗಳು ಗಾಜಿಗೆ ಹತ್ತಿರ ಬಂದು, ಉಸಿರಿನ ಮಂಜು ಬಿಟ್ಟು ಸರಿದು ಹೋಗುವುದು ಕಾಣುತ್ತಿತ್ತು. ಶನಿವಾರ ಮಧ್ಯಾಹ್ನ ಎರಡು ಮನೆ ಆಚೆಯ ಜಪಾನಿ ಹೆಂಗಸು ಬಂದರು. ಎಂಬತ್ತರ ಆಸುಪಾಸು, ದಿನಾ ಬೀದಿಯಲ್ಲಿ ನಡೆಯಲು ಹೋಗುವವರು. ನಿಮ್ಮೂರಿನ ಚಿತ್ರಗಳಿವೆ ಬನ್ನಿ ಎಂದು ನಾನೇ ಹೆಮ್ಮೆಯಿಂದ ಕರೆದಿದ್ದೆ. ಅಪ್ಪ ತಮ್ಮ ಕೋಣೆಯಲ್ಲಿ ಮಲಗಿದ್ದರು. ನಾನೂ ಮಾಸ್ಕ್ ಹಾಕಿಕೊಂಡು ಡೆಕ್ಕಿಗೆ ಹೋಗಿ ಸ್ವಲ್ಪ ದೂರ ನಿಂತೆ.

ಗೊಂಬೆಯ ಮೆಟ್ಟಿಲುಗಳ ಚಿತ್ರ ನೋಡಿ ಆಕೆ ಕೈ ತಟ್ಟಿದರು. ತಮ್ಮ ತಾಯಿ ಹೀಗೆಯೇ ಕೂರಿಸುತ್ತಿದ್ದರು, ಆದರೆ ಹಬ್ಬ ಮುಗಿದ ಕೂಡಲೇ ತೆಗೆದಿಡಬೇಕು, ತಡಮಾಡಿದರೆ ಹುಡುಗಿಯ ಮದುವೆ ತಡವಾಗುತ್ತದೆ ಅನ್ನುತ್ತಾರೆ ಅಂದರು. ನಮ್ಮಲ್ಲಿ ಉಲ್ಟಾ, ಒಮ್ಮೆ ಕೂರಿಸಿದ್ದನ್ನು ದಶಮಿಯವರೆಗೆ ಜರುಗಿಸುವ ಹಾಗಿಲ್ಲ ಎಂದು ನಾನು ಹೇಳುತ್ತಿದ್ದೆ. ಆಕೆ ಕೇಳುತ್ತಿರಲಿಲ್ಲ. ಕಣ್ಣು ಮಧ್ಯದ ಮೆಟ್ಟಿಲಿನ ಮೇಲೆ ನಿಂತಿತ್ತು. ಒಂದು ಹೆಜ್ಜೆ ಹಿಂದೆ ಸರಿದು, ಎರಡೂ ಕೈ ಜೋಡಿಸಿ ಬಹಳ ಹೊತ್ತು ತಲೆ ಬಾಗಿಸಿ ನಿಂತರು.

ಆಮೇಲೆ ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದರು: ನಿಮ್ಮ ಮನೆಯಲ್ಲಿ ಯಾರು ತೀರಿಕೊಂಡರು?

ಯಾರೂ ಇಲ್ಲ ಅಂದೆ.

ಹಾಗಾದರೆ ಇವರನ್ನು ಯಾಕೆ ನಿಲ್ಲಿಸಿದ್ದೀರಿ?

ಆ ತಿಳಿನೀಲಿ ಕೊನೆಯ ಪಯಣದ ಬಣ್ಣವಂತೆ. ಜನ ಹಚ್ಚಿಕೊಂಡ ನಟ ಸತ್ತಾಗ ಇಂಥ ಚಿತ್ರ ಅಚ್ಚು ಹಾಕಿಸಿ ಬೀದಿಯಲ್ಲಿ ಮಾರುತ್ತಿದ್ದರಂತೆ. ಸಾವಿಗೆ ಹೋಗಲಾಗದವರು ಕೊಂಡುಕೊಂಡು ಮನೆಯಲ್ಲೇ ಅವನಿಗೆ ವಿದಾಯ ಹೇಳುತ್ತಿದ್ದರು. ಮೂಲೆಯಲ್ಲಿರುವ ಅಕ್ಷರಗಳು ಅವನು ಸತ್ತ ದಿನ, ಅವನನ್ನು ಹೂಳಿದ ಗುಡಿಯ ಹೆಸರು ಎಂದು ಬಾಗಿಲ ಗಾಜಿನ ಮೇಲೆ ಬೆರಳಿಟ್ಟು ತೋರಿಸಿದರು. ಹೊರಡುವಾಗ ತಾಂಬೂಲದ ಚೀಲವನ್ನು ನೋಡಿದರು, ತೆಗೆದುಕೊಳ್ಳಲಿಲ್ಲ.

ಹೆಣದ ಚಿತ್ರಕ್ಕೆ ಕುಂಕುಮ ಇಟ್ಟು ಆರತಿ ಎತ್ತಿದ್ದೇನೆ. ಮುತ್ತೈದೆಯರನ್ನು ಕರೆದು ಅದರ ಮುಂದೆ ನಿಲ್ಲಿಸಿದ್ದೇನೆ. ಅಷ್ಟಾದರೆ ಹೋಗಲಿ. ಅಪ್ಪ ಅವನನ್ನು ದಿನಾ ಏಳು ಏಳು ಎಂದು ಕರೆಯುತ್ತಿದ್ದಾರೆ, ಅವನ ತಲೆಯಿಂದ ಬಿದ್ದ ಹೂವನ್ನು ಕಣ್ಣಿಗೊತ್ತಿಕೊಂಡು ಎದೆಗೆ ಕೈ ಹಾಕಿಸಿಕೊಳ್ಳಲು ಹೊರಟಿದ್ದಾರೆ. ಸತ್ತವನು ತನ್ನ ಹತ್ತಿರ ಬಾ ಅಂದದ್ದನ್ನು ಅಪ್ಪ ಆಪರೇಷನ್ನಿಗೆ ಹೋಗು ಅಂದುಕೊಂಡರೇ? ಇಂಥದ್ದನ್ನೆಲ್ಲ ನಂಬುವ ಹೆಂಗಸಲ್ಲ ನಾನು ಎಂದು ಆ ದಿನದವರೆಗೆ ಬೀಗಿಕೊಂಡಿದ್ದೆ.

"ಈಗ್ಲೇ ತೆಗೆದು ಗರಾಜಿಗೆ ಹಾಕು" ಅಂದ ಗಂಡ.

"ದಶಮಿಗೆ ಮುಂಚೆ ತೆಗೆಯೋಕಾಗಲ್ಲ. ಅದೂ ಕೆಟ್ಟದ್ದು."

"ಹಂಗಾದ್ರೆ ಮಾವನಿಗೆ ಹೇಳು."

"ಹೇಳಿದ್ರೆ ಆಪರೇಷನ್ ಬೇಡ ಅಂತಾರೆ. ಆಮೇಲೆ?"

ಮುತ್ತೈದೆಯರಿಗೆ ಕೊಡಲು ತಂದಿದ್ದ ರವಿಕೆ ಕಣವೊಂದನ್ನು ಬಿಡಿಸಿ ಆ ಚಿತ್ರದ ಮೇಲೆ ಹೊದಿಸಿದೆ. ಜರುಗಿಸಿದ ಹಾಗೂ ಆಗಲಿಲ್ಲ, ಕಂಡ ಹಾಗೂ ಆಗಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಭಾನುವಾರ ಬೆಳಿಗ್ಗೆ ಇಳಿದು ಬರುವಾಗ ಮಹಡಿಯ ಮೆಟ್ಟಿಲ ಅರ್ಧದಲ್ಲೇ ಕಾಲು ನಿಂತಿತು. ಕಣವನ್ನು ನಾಲ್ಕಾಗಿ ಮಡಿಸಿ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ಇಟ್ಟಾಗಿತ್ತು. ಅಪ್ಪ ನನಗೆ ಬೆನ್ನು ಹಾಕಿ ಕೂತಿದ್ದರು. ಗಾಜಿನಾಚೆ ಎಲೆಯುದುರಿದ ಮರಗಳ ಸಂದಿನಿಂದ ಹಿಂದಿನ ಮನೆಯವರು ತೂಗುಹಾಕಿದ ಬಿಳಿಬಟ್ಟೆಯ ದೆವ್ವ ಗಾಳಿಗೆ ಅಲ್ಲಾಡುತ್ತಿತ್ತು. "ಏಳೋ" ಅಂದರು ಅಪ್ಪ. ನನ್ನ ಹತ್ತಿರ ಎಂದೂ ಆಡದ ದನಿ. ಹೆಂಡತಿಗೆ ಅನ್ನುವ ಹಾಗೆ, ಹುಡುಗರು ಹುಡುಗರಿಗೆ ಅನ್ನುವ ಹಾಗೆ. "ಮುಗೀತು ಕಣೋ. ಏಳೋ." ಆಮೇಲೆ, ಮಗಳು ಹೇಳಿದ್ದಂತೆಯೇ, ಕಾದರು. ನಾನೂ ಉಸಿರು ಹಿಡಿದು ಕಾದೆ. ಅವರನ್ನು ಕೂಗಲು ಭಯವಾಯಿತು. ಸದ್ದಾಗದ ಹಾಗೆ ಮೇಲೆ ಹತ್ತಿ ಹೋಗಿಬಿಟ್ಟೆ.

ಸೋಮವಾರ ವಿಜಯದಶಮಿ. ಆಸ್ಪತ್ರೆಯ ಒಳಗೆ ನಮ್ಮನ್ನು ಬಿಡುವುದಿಲ್ಲ ಎಂದು ಮೊದಲೇ ಹೇಳಿದ್ದರು. ಬಾಗಿಲಲ್ಲಿ ನೀಲಿ ಬಟ್ಟೆಯ ನರ್ಸ್ ಒಬ್ಬಳು ಗಾಲಿಕುರ್ಚಿ ತಂದಳು. ಅಪ್ಪ ಕೂತರು. ಅವರಿಗೂ ಅದೇ ಬಣ್ಣದ ತೆಳ್ಳನೆಯ ನಿಲುವಂಗಿ ಕೊಡುತ್ತಾರೆ ಎನ್ನುವುದು ನನಗೆ ಹೊಳೆದದ್ದು ಅಪ್ಪ ಒಳಗೆ ಹೋಗಿ, ಅವಳು ಅವರ ಶರಟು ಪಂಚೆಯನ್ನು ಚೀಲದಲ್ಲಿ ಹಾಕಿ ನನ್ನ ಕೈಗೆ ತಂದುಕೊಟ್ಟಾಗ. ಗಾಜಿನ ಬಾಗಿಲಿನಾಚೆ, ಉದ್ದನೆಯ ಓಣಿಯ ತುದಿಯಲ್ಲಿ ತಿಳಿನೀಲಿ ಅಂಗಿಯ ಒಬ್ಬ ಮುದುಕ ಕುರ್ಚಿಯಲ್ಲಿ ತಿರುಗಿದ. ಕೈಗಳು ಚಳಿಗೆ ತೋಳೊಳಗೆ ಮರೆಯಾಗಿದ್ದವು. ಅದು ನನ್ನಪ್ಪ. ಬಾಗಿಲು ಬಡಿದು ವಾಪಸ್ ಕರೆಯೋಣ ಅನ್ನಿಸಿತು. ಗಂಡ ನನ್ನ ಮೊಣಕೈ ಹಿಡಿದುಕೊಂಡ.

ಮಧ್ಯಾಹ್ನ ಕಳೆಯಿತು. ಫೋನ್ ಬರಲಿಲ್ಲ. ದಶಮಿಯ ಸಂಜೆ ಆರತಿ ಎತ್ತಿ, ಒಂದಾದರೂ ಗೊಂಬೆಯನ್ನು ಮಲಗಿಸಬೇಕು. ಹಬ್ಬ ಮುಗಿಯಿತು, ನೀವಿನ್ನು ನಿದ್ದೆ ಮಾಡಿ ಎಂದು ಅದರ ಅರ್ಥ. ಹಾಡು ಹೇಳಿ, ಮಗುವನ್ನು ಮಲಗಿಸಿದಂತೆ ಮಲಗಿಸುತ್ತಿದ್ದಳು ನಮ್ಮಮ್ಮ. ಸಂಜೆಯ ಬೆಳಕು ಗಾಜಿನಿಂದ ಇಳಿದು ಮೂರನೇ ಮೆಟ್ಟಿಲಿಗೆ ಬಂತು. ನಾನು ಪಟ್ಟದ ರಾಣಿಯನ್ನು ಕೈಗೆತ್ತಿಕೊಂಡೆ. ಮಲಗಿಸಲು ಆಗಲಿಲ್ಲ. ಈ ಹೊತ್ತಿನಲ್ಲಿ ಈ ಮನೆಯಲ್ಲಿ ಯಾವುದನ್ನೂ ಕಣ್ಣು ಮುಚ್ಚಿ ಅಂಗಾತ ಮಲಗಿಸುವ ಧೈರ್ಯ ನನಗಿರಲಿಲ್ಲ. ಅವಳನ್ನು ಮತ್ತೆ ನಿಲ್ಲಿಸಿ ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದೆ.

ಫೋನ್ ಬಂದಾಗ ಕೈಯಲ್ಲಿ ಸೋಪಿತ್ತು. ಎಲ್ಲ ಸುಸೂತ್ರವಾಯಿತು, ಎಚ್ಚರವಾಗಿದ್ದಾರೆ, ಮಾತಾಡಬೇಕಂತೆ ಅಂದಳು ನರ್ಸು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ.

"ಗೊಂಬೆ ಮಲಗಿಸಿದ್ಯಾ?" ಅಪ್ಪನ ದನಿ ಕ್ಷೀಣವಾಗಿತ್ತು.

"ಇಲ್ಲಪ್ಪ." ಹೇಳಬಾರದೆಂದುಕೊಂಡದ್ದೆಲ್ಲ ಹೊರಗೆ ಬಂದುಬಿಟ್ಟಿತು. "ಅದು ಸತ್ತೋರ ಪಟ ಅಂತೆ ಅಪ್ಪ. ನಂಗೆ ಗೊತ್ತಿರ್ಲಿಲ್ಲ. ನೀವು ಅದರ ಮುಂದೆ ಕೂತು ಏಳು ಏಳು ಅಂತ..."

"ಗೊತ್ತು ಕಣೆ" ಅಂದರು. "ಮೊದಲ್ನೇ ದಿನಾನೇ ಗೊತ್ತಾಯ್ತು. ಹೊರಟು ನಿಂತೋನ ಮುಖ ಗೊತ್ತಾಗಲ್ವಾ?"

ಆಮೇಲೆ ನಿಲ್ಲಿಸಿ ನಿಲ್ಲಿಸಿ ಹೇಳಿದರು. ಅವರ ನಾಟಕದ ಕೊನೆಯ ಅಂಕದಲ್ಲಿ ಮಾಮ ಅಪ್ಪನ ಹೆಂಡತಿಯಾಗಿ ಅಪ್ಪನ ತೊಡೆಯ ಮೇಲೆ ಸಾಯುತ್ತಿದ್ದರಂತೆ. ಪರದೆ ಬಿದ್ದ ಮೇಲೂ ಕಣ್ಣು ಬಿಡುತ್ತಿರಲಿಲ್ಲ. ಅಪ್ಪ ಬಗ್ಗಿ "ಏಳೋ, ಮುಗೀತು" ಅನ್ನುವವರೆಗೆ ಹಾಗೆಯೇ ಬಿದ್ದಿರುವುದು ಅವರ ಪದ್ಧತಿ. ಒಮ್ಮೆ ಅಪ್ಪ ಯಾರೊಂದಿಗೋ ಮಾತಾಡುತ್ತ ಮರೆತು ಬಣ್ಣ ಒರೆಸಲು ಹೋಗಿಬಿಟ್ಟರು. ವಾಪಸ್ ಬಂದು ನೋಡಿದರೆ ಎಲ್ಲರೂ ದೀಪ ಆರಿಸಿ ಹೋಗಿದ್ದಾರೆ, ಕತ್ತಲೆಯ ರಂಗದ ಮೇಲೆ ಸೀರೆ ಉಟ್ಟುಕೊಂಡು ಮಾಮ ಒಬ್ಬರೇ ಹಾಗೇ ಮಲಗಿದ್ದಾರೆ.

"ಆಗಸ್ಟಲ್ಲಿ ಹೇಳೋಕೆ ನಾನಿರ್ಲಿಲ್ಲ ನೋಡು" ಅಂದರು ಅಪ್ಪ. "ಹಂಗೇ ಬಿದ್ಕೊಂಡು ಕಾಯ್ತಿದಾನೇನೋ ಅನ್ಸೋದು. ದಿನಾ ಹೇಳ್ದೆ. ಕೊನೆಗೆ ಶುಕ್ರವಾರ ರೇಗಿ ಹೋಯ್ತು. ನೀನು ಏಳಲ್ಲ ಅಂದ್ರೆ ನಾನೇ ಬಂದು ಪಕ್ಕದಲ್ಲಿ ಮಲಗ್ತೀನಿ, ಈ ಆಪರೇಷನ್ನೂ ಬೇಡ ಏನೂ ಬೇಡ ಅಂದೆ. ಹೂ ಬಿತ್ತು. ನಂಗೆ ಸಾಕಾಗಿದೆ, ಮಲಕ್ಕೋತೀನಿ, ನೀನು ಎದ್ದು ಹೋಗು ಅಂದ ಅವನು."

ಆಗಸ್ಟಿನಲ್ಲಿ ಮೊಸರನ್ನ ತಿಂದ ಈ ಮನುಷ್ಯನನ್ನು ನಾನು ಗಟ್ಟಿ ಎಂದು ಬಗೆದಿದ್ದೆ.

"ಇವತ್ತು ಅವನನ್ನ ಮಲಗಿಸು" ಅಂದರು. "ನನ್ನ ಮಂಚದ ಮೇಲೆ, ನನ್ನ ದಿಂಬಿನ ಮೇಲೆ ತಲೆ ಬರೋ ಹಾಗೆ. ಏಳು ಅಂತ ಮಾತ್ರ ಯಾರೂ ಹೇಳ್ಬೇಡಿ."

ನಾನು ಆರತಿ ಎತ್ತಿ, ಗಾಜಿನ ಮೇಲಿನ ಕುಂಕುಮ ಒರೆಸಿ, ಅವನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಪ್ಪನ ಕೋಣೆಗೆ ಹೋದೆ. ಮಗಳು ಹಿಂದೆಯೇ ಬಂದಳು. ದಿಂಬಿನಲ್ಲಿ ಅಪ್ಪನ ತಲೆಯ ಗುಳಿ ಬೆಳಿಗ್ಗೆಯಿಂದ ಹಾಗೆಯೇ ಇತ್ತು. ಚೌಕಟ್ಟು ಅದರೊಳಗೆ ಸರಿಯಾಗಿ ಕೂತಿತು. ಮಡಿಸಿಟ್ಟ ಕಣವನ್ನು ಬಿಡಿಸಿ ಎದೆಯವರೆಗೆ ಹೊದಿಸಿದೆ. ಅಂಗಾತ ಮಲಗಿದ ಮೇಲೆ ಆ ಮುಖ ಬೇರೆಯಾಗಿ ಕಂಡಿತು. ಇಷ್ಟು ದಿನ ಹೊರಟು ನಿಂತವನು ಈಗ ಬರಿಯ ಕಣ್ಣು ಮುಚ್ಚಲು ತಡಮಾಡುತ್ತಿರುವ ಹಾಗೆ.

ಮಗಳು ಮಂಚದ ಅಂಚಿಗೆ ಬಂದು ಬಗ್ಗಿ, ಅವನ ಮುಖದ ಹತ್ತಿರ ಮುಖ ತಂದಳು. ವಾರವಿಡೀ ಕೇಳಿ ಕೇಳಿ ಅವಳಿಗೆ ಬಾಯಿಪಾಠವಾಗಿತ್ತು. ತುಟಿ ಬಿಚ್ಚಿದಳು. ನಾನು ಹಿಂದಿನಿಂದ ಕೈ ಚಾಚಿ ಅವಳ ಬಾಯಿ ಮುಚ್ಚಿದೆ.